ವಾಹನದ ಬಿಗಿದ ಭಾಗಗಳಿಗೆ ಡ್ರೈ ಲೂಬ್ರಿಕೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿಯ ಬಾಗಿಲು ಸರಿಯುತ್ತಿಲ್ಲ, ಕಿಟಕಿಯ ಗಾಜು ಅರ್ಧಕ್ಕೆ ನಿಲ್ಲುತ್ತದೆ, ಬೀಗದಲ್ಲಿ ಕೀಲಿಕೈ ತಿರುಗುತ್ತಿಲ್ಲ ಎಂಬ ದೂರುಗಳ ಬೆನ್ನು ಹತ್ತಿ ನೋಡಿದರೆ, ಬಾಗಲಕೋಟೆ ಮತ್ತು ವಿಜಯಪುರದ ಕಡೆ ಮುರಿದ ಭಾಗ ಸಿಗುವುದು ಅಪರೂಪ. ಹೆಚ್ಚಿನ ಸಲ ಸಿಗುವುದು ಹಳೆಯ ಎಣ್ಣೆಯೂ ಹೊಸ ಧೂಳೂ ಕೂಡಿ ಆದ ಕಪ್ಪು ಮೇಣ. ಆ ಮೇಣದ ಮೇಲೆ ಮತ್ತೆ ಎಣ್ಣೆ ಬಿಡುವ ಬದಲು ಏನು ಮಾಡಬೇಕು, ಯಾವ ಭಾಗಕ್ಕೆ ಒಣ ಪದಾರ್ಥ ಒಪ್ಪುತ್ತದೆ, ಯಾವ ಭಾಗದ ಹತ್ತಿರ ಅದನ್ನು ಒಯ್ಯಲೇಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಡ್ರೈ ಲೂಬ್ರಿಕೆಂಟ್ ಎಂದರೆ ಏನು?

ಎರಡು ಗಟ್ಟಿ ಭಾಗಗಳು ಉಜ್ಜಿಕೊಳ್ಳುವ ಜಾಗದಲ್ಲಿ ದ್ರವದ ಬದಲು ಘನ ಪದಾರ್ಥದ ತೆಳುವಾದ ಪೊರೆಯನ್ನು ನಿಲ್ಲಿಸಿ ಜಾರಿಕೆ ಕೊಡುವ ವಸ್ತು ಅದು. ಗ್ರಾಫೈಟ್ ಇದರಲ್ಲಿ ಎಲ್ಲಕ್ಕಿಂತ ಹಳೆಯದು. ಅದರ ಇಂಗಾಲದ ಕಣಗಳು ಪದರ ಪದರವಾಗಿ ಕೂತಿರುತ್ತವೆ. ಒಂದು ಪದರದೊಳಗಿನ ಹಿಡಿತ ಬಹಳ ಗಟ್ಟಿ, ಆದರೆ ಪದರ ಪದರಗಳ ನಡುವಿನ ಹಿಡಿತ ಸಡಿಲ. ಹೀಗಾಗಿ ಕಟ್ಟಿನಲ್ಲಿ ಒಂದರ ಮೇಲೊಂದು ಇಟ್ಟ ವೀಳ್ಯದೆಲೆಗಳು ಸರಿಯುವಂತೆ ಅವು ಒಂದರ ಮೇಲೊಂದು ಸರಿಯುತ್ತವೆ. ಮಾಲಿಬ್ಡಿನಮ್ ಡೈಸಲ್ಫೈಡ್ ಕೂಡ ಇದೇ ಬಗೆಯ ಪದರಗಳ ರಚನೆಯುಳ್ಳದ್ದು. ಅಡುಗೆಮನೆಯ ನಾನ್‌ಸ್ಟಿಕ್ ತವೆಯ ಲೇಪನವಾಗಿ ನಮಗೆ ಪರಿಚಯವಿರುವ ಪಿಟಿಎಫ್‌ಇ ಮಾತ್ರ ಬೇರೆ ಜಾತಿಯದು. 1938ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಶೀತಕ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕ ಈ ಪ್ಲಾಸ್ಟಿಕ್‌ಗೆ ಬೇರೆ ಯಾವ ವಸ್ತುವೂ ಸುಲಭವಾಗಿ ಅಂಟುವುದಿಲ್ಲ.

ಡಬ್ಬಿಯಿಂದ ಹೊಮ್ಮುವಾಗ ಈ ಸ್ಪ್ರೇಗಳು ಒದ್ದೆಯಾಗಿಯೇ ಇರುತ್ತವೆ. ಅವುಗಳಲ್ಲಿರುವ ದ್ರಾವಕವು ಕಣಗಳನ್ನು ಸಂದಿಯೊಳಗೆ ಒಯ್ದು ಬಿಟ್ಟು ಆರಿಹೋಗುತ್ತದೆ, ಹಿಂದೆ ಉಳಿಯುವುದು ಒಣ ಪೊರೆ. ಕಣಗಳು ಡಬ್ಬಿಯ ತಳದಲ್ಲಿ ಕೂತುಬಿಡುವುದರಿಂದ ಬಳಸುವ ಮುಂಚೆ ಒಂದು ನಿಮಿಷವಾದರೂ ಚೆನ್ನಾಗಿ ಅಲುಗಾಡಿಸಬೇಕು, ಇಲ್ಲದಿದ್ದರೆ ಬರಿಯ ದ್ರಾವಕವನ್ನು ಸಿಂಪಡಿಸಿದಂತಾಗುತ್ತದೆ.

ಮನೆಯಲ್ಲಿರುವ ಎಣ್ಣೆಯನ್ನೇ ಎರಡು ಹನಿ ಬಿಟ್ಟರೆ ಸಾಲದೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು, ಏಕೆಂದರೆ ನಾನು ಕಂಡ ಬಿಗಿದ ಬೀಗಗಳಲ್ಲಿ ಬಹುಪಾಲು ಒಳ್ಳೆಯ ಉದ್ದೇಶದಿಂದ ಬಿಟ್ಟ ಎಣ್ಣೆಯಿಂದಲೇ ಕೆಟ್ಟಿದ್ದವು. ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕಿ ಬೆಳೆದ ನಮಗೆ ಯಾವುದೇ ಬಿಗಿತಕ್ಕೂ ಕೀಲೆಣ್ಣೆಯೇ ಮದ್ದು ಎಂಬ ನಂಬಿಕೆ ಸಹಜ. ಚಕ್ಕಡಿಯ ಮಟ್ಟಿಗೆ ಅದು ಸರಿಯೂ ಹೌದು: ಅಲ್ಲಿ ಅಚ್ಚನ್ನು ಆಗಾಗ ಬಿಚ್ಚಿ, ಹಳೆಯದನ್ನು ಒರೆಸಿ, ಹೊಸ ಎಣ್ಣೆ ಹಚ್ಚುತ್ತಾರೆ. ಕಾರಿನ ಬೀಗವನ್ನು ಯಾರೂ ಬಿಚ್ಚಿ ಒರೆಸುವುದಿಲ್ಲ. ಒಳಗೆ ಹೋದ ಎಣ್ಣೆ ಅಲ್ಲೇ ಉಳಿಯುತ್ತದೆ.

ಅದರಲ್ಲೂ ನಮ್ಮ ಮನೆಗಳಲ್ಲಿ ಕೈಗೆ ಸಿಗುವ ಕುಸುಬೆ ಎಣ್ಣೆ ಈ ಕೆಲಸಕ್ಕೆ ತೀರ ಕೆಟ್ಟದ್ದು. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಅಂಟಾಗಿ, ಕೊನೆಗೆ ಗಟ್ಟಿ ಪೊರೆಯಾಗುವ ಗುಣ ಅದಕ್ಕಿದೆ. ಅಗಸೆ ಎಣ್ಣೆಯನ್ನು ಬಣ್ಣ ಮತ್ತು ವಾರ್ನಿಷ್‌ಗೆ ಬಳಸುವುದು ಇದೇ ಗುಣಕ್ಕಾಗಿ. ಕುಸುಬೆಯೂ ಅದೇ ಸಾಲಿನದು. ಅಂದರೆ ಬೀಗದೊಳಗೆ ಕುಸುಬೆ ಎಣ್ಣೆ ಬಿಟ್ಟವರು ಮೊದಲ ವಾರ ಜಾರಿಕೆಯನ್ನು ಕಂಡು, ಕೆಲವು ತಿಂಗಳ ನಂತರ ಒಳಗೆ ಬಣ್ಣ ಬಳಿದಂಥ ಸ್ಥಿತಿಯನ್ನು ಕಾಣುತ್ತಾರೆ. ಶೇಂಗಾ ಎಣ್ಣೆ ಅಷ್ಟು ಬೇಗ ಗಟ್ಟಿಯಾಗದಿದ್ದರೂ ಧೂಳನ್ನು ಹಿಡಿದಿಡುವುದರಲ್ಲಿ ಕಡಿಮೆಯಿಲ್ಲ. ಕೊಬ್ಬರಿ ಎಣ್ಣೆಯ ತೊಂದರೆ ಬೇರೆ: ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹಾಗಾಗಿ ಡಿಸೆಂಬರಿನ ಬೆಳಗಿನ ಜಾವ ಬಿಗಿದ ಬೀಗ ಮಧ್ಯಾಹ್ನದ ಬಿಸಿಲಿಗೆ ತಾನಾಗಿ ತೆರೆದುಕೊಳ್ಳುವ ವಿಚಿತ್ರವನ್ನು ಕೆಲವರು ನೋಡಿರಬಹುದು.

ಎಂಜಿನ್‌ನಿಂದ ತೆಗೆದ ಸುಟ್ಟ ಆಯಿಲ್ ಬಳಸುವವರೂ ಇದ್ದಾರೆ. ಅದರಲ್ಲಿ ಮಸಿಯೂ ಸವೆದ ಲೋಹದ ಕಣಗಳೂ ಇರುತ್ತವೆ, ಜೊತೆಗೆ ಅದು ಚರ್ಮಕ್ಕೂ ಹಾನಿಕರ. ಅದನ್ನು ಯಾವ ಭಾಗಕ್ಕೂ ಹಚ್ಚಬೇಡಿ.

ಧೂಳು ಎಲ್ಲ ಊರಲ್ಲೂ ಇದೆಯಲ್ಲ, ನಮ್ಮ ಕಡೆಯದರಲ್ಲಿ ವಿಶೇಷವೇನು?

ಧೂಳಿನ ಜಾತಿ ಊರಿಂದ ಊರಿಗೆ ಬೇರೆ, ಅದು ಮಾಡುವ ಹಾನಿಯೂ ಬೇರೆ. ಇಳಕಲ್ ಸುತ್ತಲಿನ ಗ್ರಾನೈಟ್ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪನದಲ್ಲಿ ಬೆಣಚುಕಲ್ಲು 7ನೆಯ ಸ್ಥಾನದಲ್ಲಿದ್ದು ಸಾಮಾನ್ಯ ಉಕ್ಕನ್ನೂ ಗೀರಬಲ್ಲದು. ಅಂಥ ಕಣಗಳು ಎಣ್ಣೆಯಲ್ಲಿ ಸೇರಿದರೆ ಅದು ಕೀಲೆಣ್ಣೆಯಾಗಿ ಉಳಿಯದೆ ಪಾಲಿಶ್ ಮಾಡುವ ಅರೆಪುಡಿಯಾಗುತ್ತದೆ. ಲೋಕಾಪುರ, ಮುಧೋಳದ ಕಡೆಯ ಸುಣ್ಣದ ಕಲ್ಲಿನ ಧೂಳು ಮೆತ್ತಗಿನದು, ಆದರೆ ಅದರ ಜೊತೆಗೆ ಸಿಮೆಂಟ್ ಪುಡಿ ಬೆರೆತು ತೇವ ತಾಗಿದರೆ ಸಂದಿಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ವಿಜಯಪುರದ ಎರೆಮಣ್ಣಿನ ಸ್ವಭಾವ ರೈತರಿಗೆ ಹೇಳಿಕೊಡಬೇಕಾದ್ದಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕಲ್ಲಾಗುತ್ತದೆ. ಹೊಲದಲ್ಲಿ ಬಿರುಕು ಬಿಡುವ ಅದೇ ಮಣ್ಣು ಬಾಗಿಲ ಹಳಿಯೊಳಗೂ ಹಾಗೆಯೇ ಕೂರುತ್ತದೆ. ಇವೆಲ್ಲದರ ಮೇಲೆ ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆ ಹರವಿದ ರಾಶಿಯ ಹೊಟ್ಟು ಗಾಜಿನ ಸಂದಿಗಳಿಗೆ ಇಳಿಯುತ್ತದೆ.

ಒಣ ಪೊರೆಯೂ ಧೂಳನ್ನು ತಡೆಯುವುದಿಲ್ಲ. ಆದರೆ ಅದು ಧೂಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿದ್ದ ಧೂಳು ಒಣ ಬಟ್ಟೆಗೆ ಬರುತ್ತದೆ. ನಮ್ಮ ಕಡೆ ನಾನು ಅದನ್ನು ಒತ್ತಿ ಹೇಳುವುದು ಈ ಒಂದು ಕಾರಣಕ್ಕೆ.

ಗ್ರಾಫೈಟ್, ಪಿಟಿಎಫ್‌ಇ, ಸಿಲಿಕೋನ್, ಮಾಲಿಬ್ಡಿನಮ್: ಯಾವುದನ್ನು ಕೊಳ್ಳಬೇಕು?

ಒಂದನ್ನೇ ಕೊಳ್ಳುವುದಾದರೆ ಪಿಟಿಎಫ್‌ಇ ಇರುವ ಡ್ರೈ ಸ್ಪ್ರೇ ಕೊಳ್ಳಿ. ಅದು ಲೋಹ, ಪ್ಲಾಸ್ಟಿಕ್, ರಬ್ಬರ್ ಮೂರಕ್ಕೂ ಸಾಮಾನ್ಯವಾಗಿ ಹೊಂದುತ್ತದೆ, ಕಲೆ ಕಡಿಮೆ. ಆದರೂ ಅದರ ದ್ರಾವಕ ಕೆಲವು ಪ್ಲಾಸ್ಟಿಕ್‌ಗಳನ್ನು ಮಂಕಾಗಿಸಬಹುದಾದ್ದರಿಂದ ಕಾಣದ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಸಿಲಿಕೋನ್ ಸ್ಪ್ರೇ ರಬ್ಬರಿಗೆ ಬಹಳ ಒಳ್ಳೆಯದು, ಆದರೆ ಅದು ಹಬ್ಬಿದ ಜಾಗದಲ್ಲಿ ಮುಂದೆ ಬಣ್ಣ ಹೊಡೆಸಿದರೆ ಬಣ್ಣ ಕೂರದೆ ಗುಳಿ ಗುಳಿಯಾಗುತ್ತದೆ. ಡೆಂಟಿಂಗ್ ಪೇಂಟಿಂಗ್ ಕೆಲಸ ಬಾಕಿ ಇರುವ ಗಾಡಿಗೆ ಅದನ್ನು ಮುಂದೂಡಿ, ಈಗಾಗಲೇ ಹೊಡೆದಿದ್ದರೆ ಪೇಂಟರ್‌ಗೆ ಮೊದಲೇ ತಿಳಿಸಿ. ಮಾಲಿಬ್ಡಿನಮ್ ಹೆಚ್ಚು ಒತ್ತಡ ಬೀಳುವ ಲೋಹದ ಜಾಗಗಳಿಗೆ ಸೇರಿದ್ದು; ಮನೆಮಟ್ಟದ ಕೆಲಸದಲ್ಲಿ ಅದರ ಅಗತ್ಯ ಕಡಿಮೆ. ಗ್ರಾಫೈಟ್ ಪುಡಿಯನ್ನು ಬೀಗಕ್ಕೆ ಮಾತ್ರ ಮೀಸಲಿಡಿ, ಏಕೆಂದರೆ ಸೀಟಿನ ಬಟ್ಟೆಗೆ ಬಿದ್ದರೆ ಅದರ ಕಪ್ಪು ಹೋಗುವುದು ಕಷ್ಟ.

ಎಲ್ಲರ ಮನೆಯಲ್ಲಿರುವ ಡಬ್ಲ್ಯುಡಿ-40 ಕೂಡ ಡ್ರೈ ಲೂಬ್ರಿಕೆಂಟ್ ಅಲ್ಲವೇ?

ಅಲ್ಲ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕು ತಡೆಯಲೆಂದು ಅದನ್ನು ರೂಪಿಸಿದರು. ನೀರು ಸರಿಸುವ ಮಿಶ್ರಣಕ್ಕಾಗಿ ನಡೆಸಿದ 40ನೆಯ ಪ್ರಯತ್ನ ಎಂಬುದೇ ಆ ಹೆಸರಿನ ಅರ್ಥ. ಬಿಗಿದದ್ದನ್ನು ಬಿಡಿಸುವುದಕ್ಕೂ ಹಳೆಯ ಮೇಣವನ್ನು ತೊಳೆಯುವುದಕ್ಕೂ ಅದು ಚೆನ್ನಾಗಿ ಒದಗುತ್ತದೆ, ಆದರೆ ಹಿಂದೆ ತೆಳುವಾದ ಎಣ್ಣೆಯ ಪೊರೆ ಉಳಿಸುತ್ತದೆ. ಅದರಿಂದ ತೊಳೆದ ಮೇಲೆ ಪೂರ್ತಿ ಒರೆಸಿ ಒಣಗಿಸಿ, ಆಮೇಲೆ ಒಣ ಪದಾರ್ಥ ಹಾಕುವುದು ಸರಿಯಾದ ಕ್ರಮ. ಅದೇ ಕಂಪನಿಯು ಡ್ರೈ ಸ್ಪ್ರೇಯನ್ನೂ ಬೇರೆಯಾಗಿ ಮಾರುವುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಿ.

ಬಾಗಿಲ ಬೀಗದಲ್ಲಿ ಕೀಲಿಕೈ ತಿರುಗುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?

ಕೀಲಿಕೈಯಿಂದಲೇ ಆರಂಭಿಸಿ. ಮನೆಯಲ್ಲಿಟ್ಟ ಎರಡನೆಯ ಕೀಲಿಕೈ ತಂದು ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ದೋಷ ಸವೆದ ಕೀಲಿಕೈಯದು, ಯಾವ ಪುಡಿಯೂ ಅದನ್ನು ಸರಿಪಡಿಸದು. ಎರಡೂ ಬಿಗಿಯಾಗಿದ್ದರೆ ಮಾತ್ರ ಬೀಗಕ್ಕೆ ಕೈ ಹಾಕಿ. ಹಿಂದೆ ಎಣ್ಣೆ ಬಿಟ್ಟಿದ್ದರೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್‌ನಂಥ ಶೇಷ ಉಳಿಸದ ದ್ರಾವಕವನ್ನು ಸಣ್ಣ ಕೊಳವೆಯ ಮೂಲಕ ಒಳಗೆ ಹೊಡೆದು, ಕೀಲಿಕೈಯನ್ನು ಹಾಕಿ ತೆಗೆದು, ಪ್ರತಿ ಸಲವೂ ಅದನ್ನು ಬಿಳಿ ಬಟ್ಟೆಗೆ ಒರೆಸಬೇಕು. ಬಟ್ಟೆಯ ಮೇಲೆ ಕಪ್ಪು ಬರುವುದು ನಿಲ್ಲುವ ತನಕ ಇದನ್ನು ಮಾಡಬೇಕು, ಆಮೇಲೆ ಒಳಭಾಗ ಆರಲು ಸಮಯ ಕೊಡಬೇಕು. ಇಲ್ಲಿ ಅವಸರ ಮಾಡಿ ಎಣ್ಣೆಯಿರುವ ಬೀಗಕ್ಕೆ ಗ್ರಾಫೈಟ್ ಹಾಕಿದರೆ ಎರಡೂ ಕಲಸಿ ಕಾಡಿಗೆಯಂಥ ಮುದ್ದೆಯಾಗುತ್ತದೆ.

ನಂತರ ಬೇಕಾಗುವ ಪುಡಿ ಬಹಳ ಸ್ವಲ್ಪ, ಒಂದೋ ಎರಡೋ ಸಲ ಮೆಲ್ಲಗೆ ಊದಿದಷ್ಟು. ಪೆನ್ಸಿಲ್ಲಿನ ಸೀಸವೂ ಗ್ರಾಫೈಟೇ ಆದ್ದರಿಂದ ಕೀಲಿಕೈಯ ಹಲ್ಲುಗಳ ಮೇಲೆ ಮೆತ್ತಗಿನ ಪೆನ್ಸಿಲ್ ತಿಕ್ಕಿ ಬಳಸುವ ಹಳೆಯ ಉಪಾಯ ದಾರಿಯಲ್ಲಿ ಸಿಕ್ಕಿಕೊಂಡಾಗ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಜೇಡಿಮಣ್ಣೂ ಬೆರೆತಿರುವುದರಿಂದ ಅದನ್ನೇ ರೂಢಿ ಮಾಡಿಕೊಳ್ಳಬಾರದು.

ಬೆಳಗಾವಿ ಜಿಲ್ಲೆಯ ಖಾನಾಪುರ, ಜಾಂಬೋಟಿ ಕಡೆಯವರಿಗೆ ಬೇರೆ ಮಾತು ಹೇಳಬೇಕು. ಅಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬೀಗಗಳು ಒದ್ದೆಯಾಗಿಯೇ ಇರುತ್ತವೆ. ಒದ್ದೆಯಿದ್ದಾಗ ಗ್ರಾಫೈಟ್ ತಾನು ತಾಗಿದ ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳು ಬೇಗ ಸವೆದು ಪುಡಿಯಾಗುವುದಕ್ಕೆ ಕಾರಣವಾಗಬಲ್ಲದು, ಬೀಗದ ಹೊರಕವಚಗಳು ಬಹಳ ಸಲ ಸತುವಿನ ಮಿಶ್ರಲೋಹದ್ದೇ ಆಗಿರುತ್ತವೆ. ಆದ್ದರಿಂದ ಅಲ್ಲಿ ಪಿಟಿಎಫ್‌ಇ ಬಳಸಿ.

ಇಗ್ನಿಷನ್ ಬೀಗಕ್ಕೂ ಗ್ರಾಫೈಟ್ ಹಾಕಬಹುದೇ?

ಬೇಡ. ಗ್ರಾಫೈಟ್ ವಿದ್ಯುತ್ತನ್ನು ಹರಿಸುತ್ತದೆ, ಆ ಬೀಗದ ಹಿಂದೆಯೇ ವಿದ್ಯುತ್ ಸ್ವಿಚ್ ಇರುತ್ತದೆ. ಇಗ್ನಿಷನ್‌ನಲ್ಲಿ ಕೀಲಿಕೈ ತಿರುಗದಿರುವುದಕ್ಕೆ ಎಷ್ಟೋ ಸಲ ಸ್ಟೀರಿಂಗ್ ಲಾಕ್‌ನ ಮೇಲೆ ಬಿದ್ದ ಒತ್ತಡವೇ ಕಾರಣ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತುಸು ಅಲುಗಿಸುತ್ತ ತಿರುಗಿಸಿ ನೋಡಿ. ಮನೆ, ಅಂಗಡಿ, ಹೊಲದ ಪಂಪ್‌ಸೆಟ್ಟಿನ ಕೀಲಿಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಹಾಕಿ ತೂಗಿಬಿಡುವುದೂ ಆ ಬೀಗ ಸವೆಯಲು ಕಾರಣವಾಗುತ್ತದೆ.

ಕಿಟಕಿಯ ಗಾಜು ನಿಧಾನವಾಗಿ ಏರುತ್ತದೆ, ಕಿರುಗುಟ್ಟುತ್ತದೆ. ಸ್ಪ್ರೇ ಹೊಡೆದರೆ ಸರಿಯಾಗುತ್ತದೆಯೇ?

ಗಾಜು ನೇರವಾಗಿಯೇ ಏರುತ್ತ ನಿಧಾನವಾಗಿದ್ದರೆ ಬಹುತೇಕ ಸರಿಯಾಗುತ್ತದೆ. ಒಂದು ಕಡೆಗೆ ವಾಲಿದರೆ, ಒಳಗಿನಿಂದ ಕಟಕಟ ಸದ್ದು ಬಂದರೆ, ಅಥವಾ ಮೋಟರು ತಿರುಗಿದರೂ ಗಾಜು ಕದಲದಿದ್ದರೆ ದೋಷ ಗಾಜನ್ನು ಏರಿಸಿ ಇಳಿಸುವ ಯಂತ್ರವಾದ ರೆಗ್ಯುಲೇಟರ್‌ನಲ್ಲಿದೆ, ಅದನ್ನು ಮಿಸ್ತ್ರಿಗೆ ಬಿಡಿ.

ಗಾಜಿನ ಎರಡೂ ಅಂಚುಗಳು ಸರಿಯುವ ರಬ್ಬರಿನ ಚಾನೆಲ್‌ಗಳಲ್ಲಿ ಮೆತ್ತನೆಯ ನಾರಿನ ಲೇಪನವಿರುತ್ತದೆ, ಧೂಳು ಕೂರುವುದು ಅದರ ಮೇಲೆ. ಗಾಜನ್ನು ಪೂರ್ತಿ ಇಳಿಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ಲಿನ ಮೇಲಿಂದ ಕೆಳತನಕ ಒರೆಸಿ. ಮೊದಲ ಸಲ ಬಟ್ಟೆಗೆ ಬರುವ ಕೆಸರನ್ನು ನೋಡಿದರೆ ಮೋಟರು ಇಷ್ಟು ದಿನ ಏನನ್ನು ಎಳೆಯುತ್ತಿತ್ತು ಎಂಬುದು ತಿಳಿಯುತ್ತದೆ. ಬಟ್ಟೆ ಸ್ವಚ್ಛವಾಗಿ ಬರುವ ತನಕ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಕೊಳವೆ ಸಿಕ್ಕಿಸಿದ ಸಿಲಿಕೋನ್ ಅಥವಾ ಪಿಟಿಎಫ್‌ಇ ಸ್ಪ್ರೇಯನ್ನು ಎರಡೂ ಚಾನೆಲ್‌ಗಳಿಗೆ ತೆಳುವಾಗಿ ಹೊಡೆಯಿರಿ. ದ್ರಾವಕ ಆರಿದ ಮೇಲೆ ಗಾಜನ್ನು ನಾಲ್ಕೈದು ಸಲ ಏರಿಸಿ ಇಳಿಸಿ, ಗಾಜಿನ ಮೇಲೆ ಹತ್ತಿದ ಮಸುಕನ್ನು ಒರೆಸಿ. ಮುಂದಿನ ದೊಡ್ಡ ಗಾಜಿಗೆ ಮಾತ್ರ ಈ ಸ್ಪ್ರೇ ತಾಗದಂತೆ ನೋಡಿಕೊಳ್ಳಿ, ರಾತ್ರಿಯ ಮಳೆಯಲ್ಲಿ ವೈಪರ್ ಎಳೆದ ಮಸುಕಿನ ಮೂಲಕ ಎದುರಿನ ಬೆಳಕು ಕಣ್ಣು ಕುಕ್ಕುತ್ತದೆ.

ಈ ಜಾಗಕ್ಕೆ ಗ್ರೀಸ್ ಅಥವಾ ಖನಿಜ ಎಣ್ಣೆ ಹಚ್ಚಬಾರದು. ರಬ್ಬರ್ ಉಬ್ಬಿ ಮೆತ್ತಗಾಗಿ ಗಾಜನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ವ್ಯಾನಿನ ಸರಿಯುವ ಬಾಗಿಲಿಗೆ ಗ್ರೀಸ್ ಹಚ್ಚಿದರೂ ಮತ್ತೆ ಮತ್ತೆ ಬಿಗಿಯಾಗುತ್ತದೆ, ಏಕೆ?

ಗ್ರೀಸ್ ಹಚ್ಚುತ್ತಿರುವುದರಿಂದಲೇ. ನವನಗರದ ನಮ್ಮ ಮನೆಯಲ್ಲಿ ಬಹಳ ವರ್ಷ ಒಂದು ಓಮ್ನಿ ಇತ್ತು. ಅದರ ಬಾಗಿಲು ಬಿಗಿಯಾದಾಗಲೆಲ್ಲ ಕೆಳಗಿನ ಹಳಿಗೆ ಬೆರಳಿನಿಂದ ಗ್ರೀಸ್ ಮೆತ್ತುತ್ತಿದ್ದೆ, ಎರಡು ವಾರ ಚೆನ್ನಾಗಿ ಸರಿದು ಮತ್ತೆ ನಿಲ್ಲುತ್ತಿತ್ತು. ಕೊನೆಗೆ ಒಂದು ದಿನ ಕೂಡಲಸಂಗಮಕ್ಕೆ ಹೋದಾಗ ಬಾಗಿಲು ಅರ್ಧ ತೆರೆದು ಅಲ್ಲಿಯೇ ಕಚ್ಚಿಕೊಂಡಿತು, ವಯಸ್ಸಾದ ನಮ್ಮ ಅವ್ವ ಮುಂದಿನ ಸೀಟಿನ ಕಡೆಯಿಂದ ಕಷ್ಟಪಟ್ಟು ಇಳಿಯಬೇಕಾಯಿತು. ಮನೆಗೆ ಬಂದು ಹಳಿಯನ್ನು ಕೆರೆದಾಗ ಬಂದದ್ದು ಗ್ರೀಸಿನಲ್ಲಿ ಕಲಸಿದ ಮಣ್ಣಿನ ಗಟ್ಟಿ ಉಂಡೆಗಳು, ಅವುಗಳ ನಡುವೆ ತಿರುಗದೆ ಒಂದೇ ಕಡೆ ಚಪ್ಪಟೆಯಾಗಿ ಸವೆದ ರೋಲರ್. ರೋಲರ್ ಹೊಸದು ಹಾಕಿಸಿ, ಹಳಿಯನ್ನು ಚಿಮಣಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಸಾಬೂನು ನೀರಿನಿಂದ ತೊಳೆದು, ಒಣಗಿದ ಮೇಲೆ ಪಿಟಿಎಫ್‌ಇ ಹೊಡೆದ ನಂತರ ಆ ಬಾಗಿಲಿಗೆ ತಿಂಗಳಿಗೊಮ್ಮೆ ಒಣ ಬಟ್ಟೆ ಆಡಿಸಿದ್ದನ್ನು ಬಿಟ್ಟರೆ ಬೇರೆ ಉಪಚಾರ ಬೇಕಾಗಲಿಲ್ಲ.

ಇಲ್ಲಿ ಒಂದು ಭೇದ ತಿಳಿದಿರಬೇಕು. ತೆರೆದ ಹಳಿಗೆ ಒಣ ಪೊರೆ, ಆದರೆ ರೋಲರಿನ ಒಳಗಿನ ಅಚ್ಚಿಗೆ ಸ್ವಲ್ಪ ಗ್ರೀಸ್ ಇರಬೇಕು. ಅದು ಮುಚ್ಚಿದ ಜಾಗ, ಭಾರವೂ ಅದರ ಮೇಲೆಯೇ ಬೀಳುತ್ತದೆ.

ಹಾಗಾದರೆ ಬಾಗಿಲ ಕೀಲುಗಳಿಗೆ, ಬಾನೆಟ್ಟಿನ ಕೊಂಡಿಗೆ ಯಾವುದು?

ಬಾಗಿಲಿನ ಪೂರ್ತಿ ತೂಕ ಕೀಲುಗಳ ಮೇಲಿರುವುದರಿಂದ ಅಲ್ಲಿ ಬಿಳಿ ಲಿಥಿಯಂ ಗ್ರೀಸ್ ಒಳ್ಳೆಯದು, ಹೊರಗೆ ಉಕ್ಕಿದ್ದನ್ನು ಒರೆಸಿಬಿಡಬೇಕು. ಬಾನೆಟ್ಟಿನ ಕೊಂಡಿಗೂ ಅದೇ. ಅದರ ಎರಡನೆಯ ಸುರಕ್ಷತಾ ಕೊಕ್ಕೆ ತಾನಾಗಿ ಹಿಂದಕ್ಕೆ ಬಂದು ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನು ಕೈಯಿಂದ ಪರೀಕ್ಷಿಸಿ. ಸೀಟಿನ ಹಳಿಗಳಿಗೆ, ಪೆಟ್ರೋಲ್ ಮುಚ್ಚಳದ ಹೊರಬಾಗಿಲಿಗೆ, ಡ್ಯಾಶ್‌ಬೋರ್ಡ್ ಖಾನೆಯ ಚಿಲಕಕ್ಕೆ ಒಣ ಪದಾರ್ಥ ಸಾಕು.

ಸೀಟ್ ಬೆಲ್ಟ್ ನಿಧಾನವಾಗಿ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಅದಕ್ಕೂ ಸಿಂಪಡಿಸಬಹುದೇ?

ದಯವಿಟ್ಟು ಸಿಂಪಡಿಸಬೇಡಿ. ಬೆಲ್ಟಿನ ಸುರುಳಿಯೊಳಗಿನ ಯಂತ್ರ ಹಠಾತ್ತಾಗಿ ಎಳೆದಾಗ ಹಿಡಿದು ನಿಲ್ಲಬೇಕಾದದ್ದು, ಅದರೊಳಗೆ ಜಾರಿಕೆಯ ಪದಾರ್ಥ ಹೋಗಬಾರದು. ಬೆಲ್ಟ್ ನಿಧಾನವಾಗುವುದು ಸಾಮಾನ್ಯವಾಗಿ ಬೆವರು ಮತ್ತು ಧೂಳಿನ ಜಿಡ್ಡಿನಿಂದ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಹಿಂದೆ ಸರಿಯದಂತೆ ಕ್ಲಿಪ್ ಹಾಕಿ, ಮೃದು ಸಾಬೂನಿನ ನೀರಿನಿಂದ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಭುಜದ ಬಳಿಯ ಬಳೆಯಲ್ಲಿ ಕೂತ ಜಿಡ್ಡನ್ನೂ ತೆಗೆಯಿರಿ. ಆಗಲೂ ಸರಿಯಾಗದಿದ್ದರೆ ಸುರುಳಿಯನ್ನು ಬದಲಿಸಬೇಕು.

ಬ್ರೇಕ್ ಮತ್ತು ಆಕ್ಸಿಲರೇಟರ್ ಬಿಗಿಯಾಗಿದ್ದರೆ?

ಬ್ರೇಕ್ ಡಿಸ್ಕ್, ಪ್ಯಾಡ್, ಡ್ರಮ್ ಇವುಗಳ ಹತ್ತಿರ ಯಾವ ಸ್ಪ್ರೇಯೂ ಹೋಗಬಾರದು. ಗಾಡಿ ನಿಲ್ಲುವುದು ಆ ಜಾಗದ ಘರ್ಷಣೆಯಿಂದಲೇ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿಯುವ ಪಿನ್ನುಗಳಿಗೆ ಶಾಖ ತಡೆಯುವ ಬ್ರೇಕ್ ಗ್ರೀಸ್ ಬೇರೆಯೇ ಇದೆ. ಒತ್ತಿದ ಆಕ್ಸಿಲರೇಟರ್ ಹಿಂದಕ್ಕೆ ಬರದಿದ್ದರೆ ಗಾಡಿಯನ್ನು ಓಡಿಸಬೇಡಿ, ಕೇಬಲ್ ಬದಲಿಸಿ. ಈ ಎರಡು ವಿಷಯಗಳಲ್ಲಿ ಮನೆಮದ್ದಿಗೆ ಜಾಗವಿಲ್ಲ.

ಬೈಕಿನ ಚೈನಿಗೆ ಡ್ರೈ ಲೂಬ್ ಹಾಕಬಹುದೇ?

ಬೇಸಿಗೆಯಲ್ಲಿ, ಧೂಳಿನ ರಸ್ತೆಯಲ್ಲಿ ಓಡಾಡುವವರಿಗೆ ಪಿಟಿಎಫ್‌ಇ ಅಥವಾ ಮೇಣ ಆಧಾರಿತ ಚೈನ್ ಲೂಬ್ ಒಳ್ಳೆಯ ಆಯ್ಕೆ, ಚೈನ್ ಮೇಲೆ ಮಣ್ಣಿನ ಕವಚ ಕಟ್ಟುವುದಿಲ್ಲ. ಮಳೆಯಲ್ಲಿ ಅದು ಬೇಗ ತೊಳೆದುಹೋಗುತ್ತದೆ, ಹಾಗಾಗಿ ಚೋರ್ಲಾ ಘಾಟ್ ಕಡೆ ಮಳೆಗಾಲದಲ್ಲಿ ಹೋಗುವವರು ಅಂಟಿಕೊಂಡಿರುವ ಚೈನ್ ಆಯಿಲ್ ಬಳಸಬೇಕು. ಕೊಂಡಿಗಳ ನಡುವೆ ಓ-ರಿಂಗ್ ಎಂಬ ಸಣ್ಣ ರಬ್ಬರ್ ಬಳೆಗಳಿರುವ ಚೈನನ್ನು ಪೆಟ್ರೋಲಿನಿಂದ ತೊಳೆಯಬೇಡಿ, ರಿಂಗುಗಳು ಹಾಳಾಗುತ್ತವೆ. ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಹಚ್ಚಿ. ಗೇರಿನಲ್ಲಿ ಚಕ್ರ ತಿರುಗಿಸಿಕೊಂಡು ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ಕಬ್ಬಿನ ಟ್ರ್ಯಾಕ್ಟರ್ ಟ್ರಾಲಿಗೆ ಇದರಿಂದ ಪ್ರಯೋಜನವಿದೆಯೇ?

ಬಹಳ ಕಡಿಮೆ. ಗ್ರೀಸ್ ನಿಪ್ಪಲ್ (ಗನ್ನಿನಿಂದ ಗ್ರೀಸ್ ತುಂಬುವ ಸಣ್ಣ ಮೂತಿ) ಇರುವ ಕಡೆಯಲ್ಲೆಲ್ಲ ಗ್ರೀಸೇ ಹೋಗಬೇಕು. ಗನ್ನಿನಿಂದ ಹೊಸ ಗ್ರೀಸ್ ತಳ್ಳಿದಾಗ ಹಳೆಯದು ತನ್ನ ಜೊತೆ ಕೊಳೆಯನ್ನೂ ಹೊರಗೆ ನೂಕುತ್ತದೆ, ಒಣ ಪೊರೆಗೆ ಆ ಶಕ್ತಿಯಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲೂ ರಾತ್ರಿ ಸಾಲಿನಲ್ಲಿ ನಿಲ್ಲುವ ಗಾಡಿಗಳ ಟರ್ನ್‌ಟೇಬಲ್ ಮತ್ತು ಚಕ್ರದ ಬೇರಿಂಗುಗಳಿಗೆ ತಪ್ಪದೆ ಗ್ರೀಸ್ ಹೊಡೆಯುವುದು ಬೇರೆಲ್ಲದಕ್ಕಿಂತ ಮುಖ್ಯ. ಹಿಂದಿನ ಹಲಗೆಯ ಚಿಲಕ, ಟೂಲ್‌ಬಾಕ್ಸಿನ ಬೀಗ ಇಂಥವಕ್ಕೆ ಮಾತ್ರ ಗ್ರಾಫೈಟ್ ಬಳಸಿ.

ಎಷ್ಟು ದಿನಕ್ಕೊಮ್ಮೆ ಹಾಕಬೇಕು?

ದಿನ ಎಣಿಸುವುದಕ್ಕಿಂತ ಋತುವನ್ನು ನೋಡುವುದು ನಮ್ಮ ಕಡೆಗೆ ಹೊಂದುತ್ತದೆ. ಮಳೆಗಾಲ ಮುಗಿದು ಕೆಸರು ಒಣಗಿದ ಮೇಲೆ ಒಮ್ಮೆ, ಬೇಸಿಗೆಯ ಗಾಳಿಧೂಳು ಕಳೆದ ಮೇಲೆ ಇನ್ನೊಮ್ಮೆ ಸ್ವಚ್ಛ ಮಾಡಿ ಹಾಕಿದರೆ ಸಾಮಾನ್ಯ ಬಳಕೆಯ ಕಾರಿಗೆ ಸಾಕಾಗುತ್ತದೆ. ಒತ್ತಡದ ನೀರಿನಲ್ಲಿ ತೊಳೆಸಿದರೆ ಪೊರೆ ಬೇಗ ಹೋಗುತ್ತದೆ. ಸದ್ದು ಬರುವ ಮೊದಲೇ ಕೈಗೆ ಬಿಗಿತ ತಿಳಿಯುತ್ತದೆ, ಅದನ್ನು ಗಮನಿಸಿ.

ಡಬ್ಬಿಯನ್ನು ಗಾಡಿಯಲ್ಲೇ ಇಟ್ಟುಕೊಳ್ಳಬಹುದೇ?

ಇಡಬೇಡಿ. ಒತ್ತಡ ತುಂಬಿದ ಈ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬಾರದು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ವಿಜಯಪುರದ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ, ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಆ ಮಿತಿ ಸುಲಭವಾಗಿ ಮೀರುತ್ತದೆ, ಒಳಗಿರುವ ಅನಿಲವೋ ಬೇಗ ಹೊತ್ತಿಕೊಳ್ಳುವಂಥದ್ದು. ಹೊಡೆಯುವಾಗ ಬಾಗಿಲುಗಳನ್ನು ತೆರೆದಿಡಿ, ಬೀಡಿ ಸಿಗರೇಟು ದೂರವಿರಲಿ. ಪಿಟಿಎಫ್‌ಇ ಹತ್ತಿದ ಬೆರಳಿನಿಂದ ಹಿಡಿದ ಸಿಗರೇಟು ಸೇದಿದರೆ ಆ ಕಣಗಳು ಕೆಂಡದಲ್ಲಿ ಸುಟ್ಟು, ಅವುಗಳ ಹೊಗೆ ಜ್ವರ ತರಿಸುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡು, ಡಬ್ಬಿಯನ್ನು ಮನೆಯೊಳಗೆ ತಂಪಾದ ಕಡೆ, ಅಡುಗೆಯ ಒಲೆಯಿಂದಲೂ ಮಕ್ಕಳ ಕೈಯಿಂದಲೂ ದೂರ ಇಡಿ.